ಒಲೆ ಆರಿಸಿದ ಹೊತ್ತಿನಿಂದ

ನಮ್ಮ ಮನೆಯಲ್ಲಿ ಮಿಕ್ಕ ಅಡುಗೆ ಉಳಿಯಬೇಕೋ ಹೋಗಬೇಕೋ ಎಂಬುದನ್ನು ಬಹಳ ವರ್ಷಗಳ ಕಾಲ ತೀರ್ಮಾನಿಸುತ್ತಿದ್ದುದು ಅವ್ವನ ಮೂಗು. ಬೆಳಿಗ್ಗೆ ಎದ್ದವಳೇ ಅಡುಗೆಮನೆಗೆ ಹೋಗಿ, ರಾತ್ರಿಯ ಪಲ್ಯದ ಮುಚ್ಚಳ ತೆಗೆದು, ಮೊದಲು ಮುಚ್ಚಳದ ಒಳಮೈಯನ್ನು ಮೂಸಿ, ಆಮೇಲೆ ಪಾತ್ರೆಯನ್ನು ಮುಖದ ಹತ್ತಿರ ತಂದು, "ಹಳಸೈತಿ, ಚೆಲ್ಲಿಬಿಡು" ಎಂದೋ "ಏನೂ ಆಗಿಲ್ಲ, ಬಿಸಿ ಮಾಡು" ಎಂದೋ ಹೇಳಿದರೆ ಅದರ ಮೇಲೆ ಮತ್ತೊಂದು ಮಾತಿರಲಿಲ್ಲ. ಅಪ್ಪ ಹತ್ತಿ ಮಿಲ್ಲಿನಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ದಾವಣಗೆರೆಯ ನಮ್ಮಂಥ ಎಷ್ಟೋ ಮನೆಗಳಲ್ಲಿ ಊಟದ ಹೊತ್ತು ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಬ್ಬರು ಉಂಡು ಮಲಗುವ ಹೊತ್ತಿಗೆ ಇನ್ನೊಬ್ಬರು ಉಣ್ಣಲು ಬರುತ್ತಿದ್ದರು. ಅನ್ನ, ಸಾರು, ಪಲ್ಯಗಳು ಗಂಟೆಗಟ್ಟಲೆ ಒಲೆಯ ಪಕ್ಕದಲ್ಲಿ ಕಾದು ಕೂತಿರುತ್ತಿದ್ದವು. ಅಂಥ ಮನೆಯನ್ನು ಕಾಪಾಡಿದ್ದು ತನ್ನ ಮೂಗು ಎಂಬ ಹೆಮ್ಮೆ ಅವ್ವನಿಗೆ ಇತ್ತು, ಅದು ಸುಳ್ಳೂ ಆಗಿರಲಿಲ್ಲ.

ಕಳೆದ ಏಪ್ರಿಲ್‌ನ ಒಂದು ಭಾನುವಾರ ಆ ಮೂಗು ತಪ್ಪಿತು. ಜಗಳೂರಿನಿಂದ ನೆಂಟರು ಮದುವೆಯ ಕರೆಯೋಲೆ ಕೊಡಲು ಬಂದಿದ್ದರು. ಬೆಳಿಗ್ಗೆ 11ರ ಹೊತ್ತಿಗೆ ಹೆಸರುಕಾಳಿನ ಪಲ್ಯ ಇಳಿಸಿ, ಅದರ ಮೇಲೆ ಹಸಿ ಕೊಬ್ಬರಿ ತುರಿಯನ್ನೂ ಕೊತ್ತಂಬರಿಯನ್ನೂ ಕೈಯಿಂದಲೇ ಉದುರಿಸಿ ಕಲಸಿದ್ದೆವು. ಬಂದವರು ಹೊರಟ ಮೇಲೆ ಮನೆಯೆಲ್ಲ ದಣಿದಿತ್ತು. ಅರ್ಧ ಪಾತ್ರೆ ಪಲ್ಯ ಮುಚ್ಚಳ ಹಾಕಿದಂತೆಯೇ ಅಡುಗೆಕಟ್ಟೆಯ ಮೇಲೆ ಉಳಿಯಿತು. ರಾತ್ರಿ 9 ಗಂಟೆಗೆ ಅವ್ವ ಎಂದಿನಂತೆ ಮೂಸಿ ನೋಡಿ ಚೆನ್ನಾಗಿದೆ ಎಂದಳು. ನಾನು ಅದನ್ನು ಹೊಗೆಯಾಡುವಷ್ಟು ಬಿಸಿ ಮಾಡಿ ರೊಟ್ಟಿಯ ಜೊತೆ ತಿಂದೆ, ರಜೆಗೆ ಬಂದಿದ್ದ ತಂಗಿಯ ಮಗನಿಗೂ ಬಡಿಸಿದೆ. ನಡುರಾತ್ರಿ ದಾಟುವ ಹೊತ್ತಿಗೆ ನಾವಿಬ್ಬರೂ ವಾಂತಿ ಮಾಡಿಕೊಳ್ಳುತ್ತಿದ್ದೆವು. ಬರೀ ಮೊಸರನ್ನ ಉಂಡಿದ್ದ ಅವ್ವನಿಗೂ ತಂಗಿಗೂ ಏನೂ ಆಗಿರಲಿಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಯುತ್ತಾ ಬೆಳಗು ಮಾಡಿದೆವು.

ಬೆಳಿಗ್ಗೆ ತೋರಿಸಿದ ವೈದ್ಯರು ಆ ಪಲ್ಯದ ವಾಸನೆ ಹೇಗಿತ್ತು ಎಂದು ಕೇಳಲೇ ಇಲ್ಲ. "ಎಷ್ಟು ಹೊತ್ತಿಗೆ ಮಾಡಿದ್ದು? ಎಷ್ಟು ಹೊತ್ತಿಗೆ ತಿಂದಿರಿ? ನಡುವೆ ಎಲ್ಲಿತ್ತು?" ಎಂದು ಮೂರು ಮಾತು ಕೇಳಿದರು. ನಾನು ವಾಸನೆ ಸರಿಯಾಗಿತ್ತು, ಚೆನ್ನಾಗಿ ಬಿಸಿಯನ್ನೂ ಮಾಡಿದ್ದೆ ಎಂದು ಎರಡೆರಡು ಬಾರಿ ಹೇಳಿದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಕೂತಿದ್ದಳು. "ನನಗ ಊದಿನಕಡ್ಡಿ ವಾಸನೀನೂ ಈಗೀಗ ಬರಂಗಿಲ್ಲವ್ವಾ" ಎಂದಳು. ಎಪ್ಪತ್ತು ದಾಟಿದವರಲ್ಲಿ ಮೂಗಿನ ಸೂಕ್ಷ್ಮತೆ ಕುಗ್ಗುವುದು ಸಾಮಾನ್ಯ. ಅದು ಕಣ್ಣಿನ ಪೊರೆಯಂತೆ ಹೊರಗಿನವರಿಗೆ ಕಾಣುವುದಿಲ್ಲ, ಅನುಭವಿಸುವವರಿಗೂ ತಡವಾಗಿ ತಿಳಿಯುತ್ತದೆ. ಆದರೆ ಅವಳ ಮೂಗು ಮೂವತ್ತರ ಹರೆಯದಲ್ಲಿದ್ದಷ್ಟೇ ಚುರುಕಾಗಿದ್ದರೂ ಅವತ್ತು ನಮ್ಮನ್ನು ಉಳಿಸುತ್ತಿತ್ತು ಎಂದು ಹೇಳಲಾಗದು. ನಾನೂ ಅದೇ ಪಲ್ಯವನ್ನು ಮೂಸಿದ್ದೆ, ನನಗೂ ಒಗ್ಗರಣೆಯ ಇಂಗು ಬೆಳ್ಳುಳ್ಳಿಯ ಪರಿಮಳವಲ್ಲದೆ ಬೇರೇನೂ ಬಂದಿರಲಿಲ್ಲ. ಈ ಬರಹಕ್ಕೆ ಕಾರಣ ಆ ಸಂಗತಿಯೇ.

ಕನ್ನಡದಲ್ಲಿ ನಮಗೆ ಎರಡು ಒಳ್ಳೆಯ ಪದಗಳಿವೆ: ತಂಗಳು ಮತ್ತು ಹಳಸಿದ್ದು. ತಂಗಳು ಎಂದರೆ ಹೊತ್ತು ಕಳೆದ ಅಡುಗೆ, ಹಳಸಿದ್ದು ಎಂದರೆ ಕೆಟ್ಟದ್ದೆಂದು ನಾಲಿಗೆ ಮೂಗುಗಳು ಒಪ್ಪಿದ ಅಡುಗೆ. ತಂಗಳಾಗಿದ್ದರೂ ಹಳಸದಿದ್ದರೆ ತಿನ್ನಬಹುದು ಎಂಬುದು ನಮ್ಮ ರೂಢಿಯ ನಂಬಿಕೆ. ತೊಡಕಿರುವುದು ಇಲ್ಲಿಯೇ. ಅಡುಗೆಯನ್ನು ಹಳಸುವ ಸೂಕ್ಷ್ಮಜೀವಿಗಳು ಬೇರೆ, ಮನುಷ್ಯನಿಗೆ ಕಾಯಿಲೆ ತರುವ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಬೇರೆ. ಮೊದಲಿನವು ಹುಳಿ, ನೊರೆ, ಲೋಳೆ, ನಾತ ಎಲ್ಲವನ್ನೂ ಹುಟ್ಟಿಸಿ ತಾವು ಬಂದದ್ದನ್ನು ಸಾರಿ ಹೇಳುತ್ತವೆ. ಎರಡನೆಯವು ಬಣ್ಣ, ರುಚಿ, ವಾಸನೆ ಯಾವುದನ್ನೂ ಕದಲಿಸದೆ ಲಕ್ಷಗಟ್ಟಲೆ ಬೆಳೆಯಬಲ್ಲವು. ಆದ್ದರಿಂದ ಮೂಗು ಒಂದು ಅಡುಗೆಯನ್ನು ಬೇಡವೆಂದರೆ ಆ ಮಾತನ್ನು ಕೇಳಲೇಬೇಕು; ಬೇಕೆಂದರೆ ಮಾತ್ರ ಅದನ್ನೊಂದೇ ನೆಚ್ಚಿಕೊಳ್ಳಬಾರದು.

ಕುದಿಸಿದರೆ ಎಲ್ಲವೂ ಸತ್ತುಹೋಗುತ್ತದೆ ಎಂಬುದು ನಮ್ಮ ಎರಡನೆಯ ನಂಬಿಕೆ. ಕಾಯಿಪಲ್ಯೆ, ಕಾಳು, ಅಕ್ಕಿ ಎಲ್ಲವೂ ಮಣ್ಣಿನ ಸಂಪರ್ಕದಲ್ಲಿ ಬೆಳೆಯುವವು, ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆಂದು ಗಟ್ಟಿ ಹೊದಿಕೆಯ ಬೀಜಕಗಳಾಗಿ ಮಾರ್ಪಡುತ್ತವೆ. ಬ್ಯಾಸಿಲಸ್ ಸೀರಿಯಸ್, ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬವು ಅಂಥವು. ಪಲ್ಯ ಬೇಯುವಾಗ ಇತರ ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವೆ, ಈ ಬೀಜಕಗಳು ಉಳಿಯುತ್ತವೆ. ಒಲೆ ಆರಿಸಿದ ಮೇಲೆ ಪಾತ್ರೆ ನಿಧಾನವಾಗಿ ತಣಿಯುತ್ತಾ 60 ಡಿಗ್ರಿಗಿಂತ ಕೆಳಗೆ ಇಳಿದಾಗ ಅವು ಮೊಳೆಯತೊಡಗುತ್ತವೆ. ಎದುರಾಳಿಗಳಿಲ್ಲದ ಬೆಚ್ಚನೆಯ ಹೊಲ ಅವುಗಳಿಗೆ ಸಿಕ್ಕಂತಾಗುತ್ತದೆ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಈ ನಡುವಣ ಶಾಖವೇ ಎಲ್ಲ ಎಚ್ಚರಿಕೆಯ ಮೂಲ. 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಒಂದು ಬ್ಯಾಕ್ಟೀರಿಯಾ 7 ಗಂಟೆಯಲ್ಲಿ 20 ಲಕ್ಷವನ್ನು ಮೀರುತ್ತದೆ. ಪರ್ಫ್ರಿಂಜೆನ್ಸ್‌ಗೆ ಅತಿ ಹಿತವಾದ 43ರಿಂದ 47 ಡಿಗ್ರಿಯ ಬಿಸಿಯಲ್ಲಿ ಅದು ಇಮ್ಮಡಿಯಾಗಲು 20 ನಿಮಿಷವೂ ಬೇಡ, ಸುಮಾರು 10 ನಿಮಿಷ ಸಾಕು.

ಬೆಳೆದ ಬ್ಯಾಕ್ಟೀರಿಯಾಗಳನ್ನು ಮತ್ತೆ ಕುದಿಸಿ ಕೊಲ್ಲಬಹುದಲ್ಲ ಎಂದು ಕೇಳಬಹುದು, ನಾನೂ ಕೇಳಿದ್ದೆ. ಕೊಲ್ಲಬಹುದು, ಅವು ಅಷ್ಟರಲ್ಲಿ ಕಾರಿದ ನಂಜನ್ನು ಎಲ್ಲ ಸಂದರ್ಭದಲ್ಲೂ ಕೊಲ್ಲಲಾಗದು. ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ನಂಜು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಉಳಿಯುತ್ತದೆ, ನಮ್ಮ ಪ್ರೆಷರ್ ಕುಕ್ಕರಿನ ಒಳಗಿನ ಶಾಖವೇ ಸುಮಾರು 120 ಡಿಗ್ರಿ. ನಮ್ಮ ಮೂಗು, ಚರ್ಮ, ಗಾಯಗಳಲ್ಲಿರುವ ಸ್ಟೆಫಿಲೊಕಾಕಸ್ ಆರಿಯಸ್ ಎಂಬುದು ಬೆಂದ ಮೇಲೆ ಕೈ ತಾಗಿದ ಅಡುಗೆಯಲ್ಲಿ ಬೆಳೆದು ಬಿಡುವ ನಂಜೂ ಕುದಿತಕ್ಕೆ ಜಗ್ಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದರೆ ಇಂಥ ಸಿದ್ಧ ನಂಜಿನ ಮೇಲೆಯೇ ವೈದ್ಯರಿಗೆ ಅನುಮಾನ ಬರುವುದು. ಇಳಿಸಿದ ಮೇಲೆ ಬರಿಗೈಯಿಂದ ಕೊಬ್ಬರಿ ಕಲಸಿ, ಹತ್ತು ಗಂಟೆ ಕಟ್ಟೆಯ ಮೇಲೆ ಬಿಟ್ಟ ನಮ್ಮ ಪಲ್ಯದಲ್ಲಿ ಎರಡಕ್ಕೂ ಬೇಕಾದ ಅನುಕೂಲವನ್ನು ನಾವೇ ಮಾಡಿಕೊಟ್ಟಿದ್ದೆವು. ರಾತ್ರಿ ನಾನು ಎಷ್ಟು ಬಿಸಿ ಮಾಡಿದೆ ಎಂಬುದು ಆಗ ಲೆಕ್ಕಕ್ಕೆ ಬರುವ ವಿಷಯವೇ ಆಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಪ್ರಚಾರ ಮಾಡುತ್ತಿರುವ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲಿ, ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು ಎಂಬ ಮಾತಿದೆ. ಅಮೆರಿಕದ ಕೃಷಿ ಇಲಾಖೆ ಅದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ: ಸುತ್ತಲಿನ ಗಾಳಿ 32 ಡಿಗ್ರಿಗಿಂತ ಬಿಸಿಯಿದ್ದರೆ ಆ 2 ಗಂಟೆ 1 ಗಂಟೆಯಾಗಬೇಕು. ಮಾರ್ಚ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರುಗಳಲ್ಲಿ ಹಗಲಿನ ಅಡುಗೆಮನೆ 32 ಡಿಗ್ರಿಯಲ್ಲಿ ನಿಲ್ಲುವುದುಂಟೇ? ತಾರಸಿ ಮನೆಗಳಲ್ಲಿ ರಾತ್ರಿ ಎಂಟರವರೆಗೂ ಗೋಡೆ ಮುಟ್ಟಿದರೆ ಬಿಸಿ. ನಮ್ಮ ಕಡೆಯ ಬೇಸಿಗೆಗೆ ಒಂದು ಗಂಟೆಯ ಲೆಕ್ಕವೇ ಸರಿ ಎಂದು ನಾನು ನಂಬಿದ್ದೇನೆ.

ಆಮೇಲೆ ನಾನೊಂದು ಅಡುಗೆಯ ಥರ್ಮಾಮೀಟರ್ ತಂದೆ. ಮೇ ತಿಂಗಳಲ್ಲಿ ನಾಲ್ಕು ಲೀಟರಿನಷ್ಟು ಹುಳಿಸಾರು ಮಾಡಿದ ಒಂದು ದಿನ, ಮಧ್ಯಾಹ್ನ 12.30ಕ್ಕೆ ಒಲೆ ಆರಿಸಿ, ಎಂದಿನಂತೆ ಮುಚ್ಚಳ ಹಾಕಿ ಕಟ್ಟೆಯ ಮೇಲೆ ಬಿಟ್ಟು ಆಗಾಗ ಅಳೆಯುತ್ತಾ ಹೋದೆ. 3 ಗಂಟೆಗೆ ನಡುಭಾಗ 61 ಡಿಗ್ರಿ ಇತ್ತು. 5 ಗಂಟೆಗೆ 48. ಸಂಜೆ 7ಕ್ಕೆ 42. ಪಾತ್ರೆಯ ಹೊರಮೈಯನ್ನು ಮುಟ್ಟಿದರೆ ಆರಿದೆ ಎನ್ನಿಸುತ್ತಿತ್ತು, ಸೌಟು ಹಾಕಿ ಮೇಲೆತ್ತಿದರೆ ಒಳಗಿನಿಂದ ಬೆಚ್ಚನೆಯ ಉಸಿರು ಬರುತ್ತಿತ್ತು. ಪರ್ಫ್ರಿಂಜೆನ್ಸ್ ಬಯಸುವ ಬಿಸಿ ಯಾವುದೋ ಪ್ರಯೋಗಾಲಯದ್ದೆಂದು ಓದುವಾಗ ಅಂದುಕೊಂಡಿದ್ದೆ. ಅದು ನಮ್ಮ ಮನೆಯ ಸಾರಿನ ಪಾತ್ರೆಯ ಹೊಟ್ಟೆಯಲ್ಲಿ ಸಂಜೆಯ ತನಕ ಜೋಪಾನವಾಗಿ ಕೂತಿತ್ತು. ಆ ಸಾರನ್ನು ಯಾರಿಗೂ ಬಡಿಸಲಿಲ್ಲ. ಅಷ್ಟು ಸಾರು ಚೆಲ್ಲಿದ್ದಕ್ಕೆ ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮರುವಾರ ಅದೇ ಬಗೆಯ ಸಾರನ್ನು ಮತ್ತೆ ಮಾಡಿ, ಮಿಗುವ ಭಾಗವನ್ನು ಇಳಿಸಿದ ಕೂಡಲೇ ರೊಟ್ಟಿಯ ಹಿಟ್ಟು ನಾದುವ ಪರಾತಕ್ಕೆ ಎರಡು ಬೆರಳಿನಷ್ಟು ಎತ್ತರಕ್ಕೆ ಸುರಿದು, ಆ ಪರಾತವನ್ನು ತಣ್ಣೀರು ತುಂಬಿದ ಅಗಲವಾದ ಟಬ್ಬಿನಲ್ಲಿ ಇಟ್ಟು, ಸೌಟಿನಿಂದ ಆಗಾಗ ಕದಡಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಕೈಗೆ ಬಿಸಿ ಹತ್ತದಷ್ಟು ಆರಿತ್ತು. ಎತ್ತರದ ಪಾತ್ರೆಯಲ್ಲಿ ನಡುವಿನ ಸಾರಿಗೆ ತನ್ನ ಶಾಖವನ್ನು ಹೊರಹಾಕಲು ದಾರಿಯಿಲ್ಲ. ಅಗಲಕ್ಕೆ ಹರಡಿದರೆ ಎಲ್ಲ ಕಡೆಯಿಂದಲೂ ದಾರಿ. ಇಷ್ಟು ಸಣ್ಣ ಬದಲಾವಣೆ ಇಡೀ ವಿಷಯದ ಮುಕ್ಕಾಲು ಪಾಲು. ಒಣ ಪಲ್ಯವಾದರೆ ನೀರಿನ ಟಬ್ಬೂ ಬೇಡ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಜಾಳಿಗೆಯ ಮುಚ್ಚಳ ಮುಚ್ಚಿ ಫ್ಯಾನಿನ ಕೆಳಗೆ ಇಟ್ಟರೆ ಸಾಕು. ನಮ್ಮ ಸೀಮೆಯ ಬೇಸಿಗೆಯ ಗಾಳಿ ಒಣಗಾಳಿ, ಒದ್ದೆ ಬಟ್ಟೆ ಸುತ್ತಿದ ಬಿಂದಿಗೆಯ ನೀರು ಹೇಗೆ ತಣ್ಣಗಾಗುತ್ತದೆಯೋ ಹಾಗೆ ಒದ್ದೆ ಬಟ್ಟೆಯ ಮೇಲಿಟ್ಟ ಪಾತ್ರೆಯೂ ಬೇಗ ತಣಿಯುತ್ತದೆ. ಅದು ತಣಿಸುವುದಕ್ಕೆ ಮಾತ್ರ; ರಾತ್ರಿಯೆಲ್ಲ ಕಾಪಿಡುವುದಕ್ಕೆ ಫ್ರಿಜ್ಜೇ ಬೇಕು.

ಬಿಸಿ ಅಡುಗೆಯನ್ನು ಫ್ರಿಜ್ಜಿಗೆ ಇಡಬಾರದು, ಪೂರಾ ಆರಿದ ಮೇಲೆಯೇ ಇಡಬೇಕು ಎಂದು ನಮ್ಮ ಕಡೆ ಬಹಳ ಜನ ಹೇಳುತ್ತಾರೆ, ಅದಕ್ಕಾಗಿಯೇ ಮಧ್ಯಾಹ್ನದ ಪಲ್ಯ ಸಂಜೆಯವರೆಗೆ ಹೊರಗೆ ಕೊಳೆಯುತ್ತದೆ. ಒಂದು ಸಣ್ಣ ಡಬ್ಬಿಯ ಉಗುರುಬೆಚ್ಚಗಿನ ಪಲ್ಯದಿಂದ ಫ್ರಿಜ್ಜಿಗೆ ಏನೂ ಆಗುವುದಿಲ್ಲ. ಕುದಿಯುತ್ತಿರುವ ದೊಡ್ಡ ಪಾತ್ರೆಯನ್ನು ಹಾಗೇ ನುಗ್ಗಿಸಿದರೆ ಮಾತ್ರ ಅದೂ ತಣಿಯದು, ಪಕ್ಕದ ಹಾಲು ಮೊಸರೂ ಬೆಚ್ಚಗಾಗುತ್ತವೆ. ಹಾಗಾಗಿ ಮೊದಲು ಹರಡಿ ಆರಿಸಿ, ಸಣ್ಣ ಸಣ್ಣ ಡಬ್ಬಿಗಳಿಗೆ ತುಂಬಿ, ಡಬ್ಬಿಗಳ ನಡುವೆ ಗಾಳಿ ಆಡುವಂತೆ ಇಡುತ್ತೇನೆ. ಒಳಗಿನ ಶಾಖ 5 ಡಿಗ್ರಿಗಿಂತ ಕೆಳಗಿರಬೇಕು. ಇದನ್ನು ನೋಡಲು ಒಂದು ಲೋಟ ನೀರನ್ನು ರಾತ್ರಿಯೆಲ್ಲ ನಡುವಿನ ಹಲಗೆಯ ಮೇಲಿಟ್ಟು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಳೆಯಬೇಕು. ನಮ್ಮದನ್ನು ಅಳೆದಾಗ 9 ಡಿಗ್ರಿ ಬಂತು! ಚಳಿಗಾಲದಲ್ಲಿ ತಿರುಗಿಸಿಟ್ಟ ಗುಂಡಿಯನ್ನು ಬೇಸಿಗೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಬಾಗಿಲಿನ ಖಾನೆಗಳು ಎಲ್ಲಕ್ಕಿಂತ ಬಿಸಿಯಾದ ಜಾಗ, ಅಲ್ಲಿ ಬೇಯಿಸಿದ್ದನ್ನು ಇಡಬಾರದು. ಕರೆಂಟು ಹೋದರೆ ಬಾಗಿಲು ತೆರೆಯದೆ ಬಿಟ್ಟ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಕರೆಂಟು ಬಂತೇ ಎಂದು ನೋಡಲು ಬಾಗಿಲನ್ನೇ ತೆರೆಯುವ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

ಹೀಗಿಟ್ಟ ಬೇಯಿಸಿದ ತರಕಾರಿ 3ರಿಂದ 4 ದಿನ ಇರುತ್ತದೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ದಿನಕ್ಕೆ ಮೂವತ್ತು ಸಲ ಬಾಗಿಲು ತೆರೆಯುವ ನಮ್ಮಂಥ ಮನೆಗೆ ನಾನು ಎರಡು ದಿನದ ಗೆರೆ ಹಾಕಿಕೊಂಡಿದ್ದೇನೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಗರ್ಭಿಣಿಯರಿಗೆ, ಎಳೆಗೂಸುಗಳಿಗೆ, ವಯಸ್ಸಾದವರಿಗೆ ಅದು ದೊಡ್ಡ ಅಪಾಯ. ಅಂಥವರ ತಟ್ಟೆಗೆ ಅಂದಂದಿನದನ್ನೇ ಬಡಿಸುವುದು ಒಳ್ಳೆಯದು. ಹೊರತೆಗೆದದ್ದನ್ನು ಬೇಕಾದಷ್ಟು ಮಾತ್ರ ಬೇರೆ ಪಾತ್ರೆಗೆ ಹಾಕಿ, ನಡುಭಾಗ 74 ಡಿಗ್ರಿ ಮುಟ್ಟುವ ತನಕ, ಅಂದರೆ ಸಾರಾದರೆ ಎಲ್ಲ ಕಡೆ ಕುದಿ ಬರುವ ತನಕ, ಪಲ್ಯವಾದರೆ ಒಳಗಿಂದಲೂ ಹಬೆ ಏಳುವ ತನಕ ಕೈಯಾಡಿಸಿ ಬಿಸಿ ಮಾಡಬೇಕು. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗೆ ಇಡುವುದು ಬೇಡ.

ಎಲ್ಲ ಪಲ್ಯವೂ ಒಂದೇ ಬಗೆಯಲ್ಲಿ ಕೆಡುವುದಿಲ್ಲ, ಇದು ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾಳುಗಳ ಪಲ್ಯದಲ್ಲಿ ಸತ್ವವೂ ಹೆಚ್ಚು, ನೀರೂ ಹೆಚ್ಚು, ಹುಳಿ ಕಡಿಮೆ. ಅದು ಎಲ್ಲಕ್ಕಿಂತ ಬೇಗ ನೊರೆಯೇಳುತ್ತದೆ. ಸೊಪ್ಪಿನ ಪಲ್ಯ ನೀರು ಬಿಟ್ಟು ಲೋಳೆಯಾಗುತ್ತದೆ. ಹಸಿ ಕೊಬ್ಬರಿ ಹಾಕಿದ್ದು ಹಾಕದ್ದಕ್ಕಿಂತ ಮೊದಲು ಹೋಗುತ್ತದೆ, ಅದು ಕೆಟ್ಟಾಗ ನಾಲಿಗೆಗೆ ಸಾಬೂನಿನ ರುಚಿ ಹತ್ತುವುದು ಕೊಬ್ಬರಿಯ ಕೊಬ್ಬು ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುವುದರಿಂದ. ಮಿಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕೊಬ್ಬರಿ ಹಾಕುವ ಮುಂಚೆ ಅಷ್ಟನ್ನು ತೆಗೆದಿಡುವುದು ನಮ್ಮ ಮನೆಯಲ್ಲಿ ಈಗ ಕಟ್ಟುನಿಟ್ಟು.

ಆಲೂಗಡ್ಡೆಯ ವಿಷಯ ಸ್ವಲ್ಪ ನಿಂತು ಹೇಳಬೇಕಾದದ್ದು. ಬೆಣ್ಣೆದೋಸೆಯ ಊರಿನವರಾದ ನಮಗೆ ಆಲೂಗಡ್ಡೆ ಪಲ್ಯ ದಿನನಿತ್ಯದ್ದು. ಖಾರ ಹುಳಿಗಳಿಲ್ಲದ, ಮೆತ್ತಗೆ ಮಸೆದ, ಗುಡ್ಡೆಯಾಗಿ ಒಟ್ಟಿದ ಪಲ್ಯ. ಬ್ಯಾಕ್ಟೀರಿಯಾವನ್ನು ತಡೆಯುವಂಥ ಹುಳಿಯಾಗಲಿ ಒಣತನವಾಗಲಿ ಅದರಲ್ಲಿಲ್ಲ, ಗುಡ್ಡೆಯ ಒಡಲು ತಣಿಯುವುದೂ ಬಹಳ ನಿಧಾನ. ಮಣ್ಣೊಳಗೆ ಬೆಳೆಯುವ ಗೆಡ್ಡೆಯಾದ್ದರಿಂದ ಬೀಜಕಗಳ ಕಾಟವೂ ಹೆಚ್ಚು. 1994ರಲ್ಲಿ ಅಮೆರಿಕದ ಟೆಕ್ಸಾಸ್‌ನ ಎಲ್ ಪಾಸೊ ಊರಿನಲ್ಲಿ, ಅಲ್ಯೂಮಿನಿಯಮ್ ಹಾಳೆ ಸುತ್ತಿ ಸುಟ್ಟ ಆಲೂಗಡ್ಡೆಗಳನ್ನು ಹಾಳೆಯ ಸಮೇತ ಹೊರಗೇ ಬಿಟ್ಟು, ಆಮೇಲೆ ಅದರಿಂದ ಮಾಡಿದ ತಿನಿಸನ್ನು ತಿಂದು 30 ಜನ ಬೊಟುಲಿಸಮ್ ಎಂಬ ನರಗಳನ್ನು ಹಿಡಿಯುವ ಕಾಯಿಲೆಗೆ ಬಿದ್ದರು. ಗಾಳಿ ಆಡದ, ಹುಳಿಯಿಲ್ಲದ, ಬೆಚ್ಚಗಿನ ಕಡೆ ಆ ನಂಜು ಹುಟ್ಟುತ್ತದೆ. ಬಿಸಿ ಪಲ್ಯವನ್ನು ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಮಕ್ಕಳ ಚೀಲಕ್ಕೆ ಹಾಕುವಾಗ ನನಗೆ ಅದು ನೆನಪಾಗುತ್ತದೆ.

ಬದನೆಕಾಯಿ ಎಣ್ಣೆಗಾಯಿ ಬಾಳಿಕೆ ಬರುತ್ತದೆ ಎಂಬ ಮಾತು ಅರ್ಧ ನಿಜ. ಶೇಂಗಾ, ಗುರೆಳ್ಳು ಪುಡಿ ನೀರನ್ನು ಹೀರಿಕೊಂಡಿರುತ್ತವೆ, ಹುಣಸೆಹಣ್ಣು ಹುಳಿ ಕೊಟ್ಟಿರುತ್ತದೆ. ಇವೆರಡು ಸೇರಿ ಒಂದಿಷ್ಟು ಹೊತ್ತು ಕಾಯುತ್ತವೆ. ಮೇಲೆ ತೇಲುವ ಎಣ್ಣೆ ಕಾಯುತ್ತದೆ ಎಂದು ತಿಳಿಯುವುದು ತಪ್ಪು. ಎಣ್ಣೆ ಗಾಳಿಯನ್ನು ತಡೆಯುತ್ತದೆಯೇ ಹೊರತು ಅದರ ಕೆಳಗಿನ ಬದನೆಕಾಯಿಯ ತಿರುಳಿನಲ್ಲಿ ನಡೆಯುವುದನ್ನು ತಡೆಯುವುದಿಲ್ಲ. ನಮ್ಮ ಹಿರಿಯರು ಇದನ್ನು ತಮ್ಮದೇ ರೀತಿಯಲ್ಲಿ ಬಲ್ಲವರಾಗಿದ್ದರು. ದೂರದ ಜಾತ್ರೆಗೋ ಹೊಲಕ್ಕೋ ಬುತ್ತಿ ಕಟ್ಟುವಾಗ ಎರಡನೆಯ ದಿನಕ್ಕೆ ಇಡುತ್ತಿದ್ದದ್ದು ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಪಲ್ಯವನ್ನು ಮೊದಲ ಹೊತ್ತಿಗೇ ಉಂಡು ಮುಗಿಸುತ್ತಿದ್ದರು. ನೀರಿನ ಪಸೆ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು ಎಂಬುದೇ ಆ ಬುತ್ತಿಯ ತಿಳಿವು.

ಸಂಜೆಗೊಮ್ಮೆ ಬೆಳಿಗ್ಗೆಗೊಮ್ಮೆ ಸಾರು ಕುದಿಸಿಡುವ ಅಜ್ಜಿಯರ ಪದ್ಧತಿಯಲ್ಲೂ ತಿಳಿವಿತ್ತು. ಜಾನ್ ಟಿಂಡಾಲ್ ಎಂಬ ವಿಜ್ಞಾನಿ 1877ರಲ್ಲಿ ತೋರಿಸಿದ್ದು ಅದಕ್ಕೆ ಹತ್ತಿರದ್ದೇ: ಒಮ್ಮೆ ಕುದಿಸಿದರೆ ಸಾಯದ ಬೀಜಕಗಳನ್ನು ಮೊಳೆಯಲು ಬಿಟ್ಟು, ಮೊಳೆತ ಮೇಲೆ ಮತ್ತೆ ಕುದಿಸಿದರೆ ಅವು ಸಾಯುತ್ತವೆ. ಆದರೆ ಅಡುಗೆಮನೆಯಲ್ಲಿ ಆ ಎರಡು ಕುದಿತಗಳ ನಡುವೆ ಹತ್ತು ಹನ್ನೆರಡು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಮೊಳೆತವು ಮರಿ ಹಾಕಿ ನಂಜನ್ನೂ ಬಿಟ್ಟಿರುತ್ತವೆ. ಫ್ರಿಜ್ಜಿಲ್ಲದ ಕಾಲಕ್ಕೆ ಅದು ಇದ್ದುದರಲ್ಲಿ ಒಳ್ಳೆಯ ದಾರಿ. ಫ್ರಿಜ್ಜಿದ್ದೂ ಅದನ್ನೇ ನೆಚ್ಚುವುದಕ್ಕೆ ಕಾರಣವಿಲ್ಲ.

ಇನ್ನು ಹಳಸಿದ್ದನ್ನು ಗುರುತಿಸುವ ಮಾತು. ಅವ್ವ ಮುಚ್ಚಳವನ್ನು ಮೊದಲು ಮೂಸುತ್ತಿದ್ದುದು ಸರಿಯಾದ ಕ್ರಮ, ಏಕೆಂದರೆ ಒಳಗಿನ ಆವಿ ಅಲ್ಲೇ ಹನಿಗಟ್ಟಿರುತ್ತದೆ. ನಾನು ಮುಚ್ಚಳ ತೆಗೆಯುವಾಗಲೇ ಕಿವಿಗೊಡುತ್ತೇನೆ. ಬಿಗಿಮುಚ್ಚಳದ ಡಬ್ಬಿ ಸಣ್ಣಗೆ ಉಸ್ಸೆಂದರೆ ಒಳಗೆ ಗಾಳಿ ಹುಟ್ಟಿದೆ ಎಂದೇ ಅರ್ಥ. ಆಮೇಲೆ ಬೆಳಕಿಗೆ ಹಿಡಿದು ಪಲ್ಯ ಪಾತ್ರೆಗೆ ತಾಗುವ ಅಂಚನ್ನು ನೋಡುತ್ತೇನೆ: ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು ಮೊದಲು ಕಾಣಿಸಿಕೊಳ್ಳುವುದು ಅಲ್ಲಿ. ಚಮಚವನ್ನು ಊರಿ ನಿಧಾನವಾಗಿ ಎತ್ತಿದಾಗ ಕಾಳು ಬಿಡಿಬಿಡಿಯಾಗಿ ಬೀಳದೆ ಒಂದಕ್ಕೊಂದು ತೆಳುವಾದ ನೂಲಿನಂತೆ ಎಳೆದುಕೊಂಡು ಬಂದರೆ ಲೋಳೆ ಶುರುವಾಗಿದೆ. ಮುಂಚೆ ಇಲ್ಲದ ನೀರು ತಳದಲ್ಲಿ ನಿಂತು ಬೆಳ್ಳಗೆ ಕದಡಿದ್ದರೆ, ಹಾಕದ ಹುಳಿಯ ವಾಸನೆ ಬಂದರೆ, ಎಣ್ಣೆ ಕಮಟಾಗಿದ್ದರೆ ಮುಂದೆ ನೋಡುವುದೇ ಬೇಡ. ಒಂದೇ ಕಡೆ ಬೂಷ್ಟು ಹಿಡಿದಿದೆ ಎಂದು ಅಷ್ಟನ್ನು ತೆಗೆದು ಉಳಿದದ್ದನ್ನು ತಿನ್ನುವಂತಿಲ್ಲ, ಮೆತ್ತಗಿನ ಅಡುಗೆಯಲ್ಲಿ ಬೂಷ್ಟಿನ ಬೇರು ಕಣ್ಣಿಗೆ ಕಾಣದಂತೆ ಒಳಕ್ಕೆ ಇಳಿದಿರುತ್ತದೆ. ಫ್ರಿಜ್ಜಿನಿಂದ ಆಗತಾನೇ ತೆಗೆದದ್ದರ ವಾಸನೆ ಅರ್ಧವೂ ಮೇಲೇಳುವುದಿಲ್ಲ. ಒಂದು ಚಮಚವನ್ನು ಬೆಚ್ಚಗೆ ಮಾಡಿ ಆಮೇಲೆ ಮೂಸಬೇಕು. ಅನುಮಾನ ಬಂದದ್ದನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು, ಕೆಲವು ನಂಜುಗಳಿಗೆ ಆ ಒಂದು ತೊಟ್ಟೂ ಸಾಕು.

ಇದರ ಇನ್ನೊಂದು ಮಗ್ಗುಲೂ ಇದೆ, ಒಳ್ಳೆಯ ಅಡುಗೆಯನ್ನು ಕೆಟ್ಟಿತೆಂದು ಚೆಲ್ಲುವುದು. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಬದನೆಕಾಯಿ ಕಪ್ಪಾಗುವುದು, ಹುಣಸೆಹುಳಿ ಬಿದ್ದ ಸೊಪ್ಪು ಹಸಿರು ಕಳೆದು ಕಂದಾಗುವುದು, ಹುಳಿಯಲ್ಲಿ ಬೆಳ್ಳುಳ್ಳಿ ನೀಲಿ ಹಸಿರು ತಿರುಗುವುದು, ಬೇಳೆಸಾರು ಫ್ರಿಜ್ಜಿನಲ್ಲಿ ಗಟ್ಟಿಯಾಗುವುದು, ಮೇಲಿನ ಎಣ್ಣೆ ಹೆಪ್ಪುಗಟ್ಟುವುದು, ಎಲೆಕೋಸಿನ ಪಲ್ಯಕ್ಕೆ ಮರುದಿನ ಗಂಧಕದ ಘಾಟು ಬರುವುದು, ಇವು ಯಾವುವೂ ಹಳಸಿದ ಗುರುತುಗಳಲ್ಲ. ಬೆವರು ಸುರಿಸಿ ಬೆಳೆದವರ ಬದನೆಕಾಯಿಯನ್ನು ಬರೀ ಬಣ್ಣ ನೋಡಿ ಚೆಲ್ಲುವುದು ನನಗೆ ಸಂಕಟದ ವಿಷಯ.

ಅಷ್ಟೇ ಸಂಕಟದ ಇನ್ನೊಂದು ರೂಢಿಯನ್ನೂ ಹೇಳಿಬಿಡುತ್ತೇನೆ. ತಾವು ತಿನ್ನಲು ಹಿಂಜರಿದ ನಿನ್ನೆಯ ಪಲ್ಯವನ್ನು ಮನೆಗೆಲಸಕ್ಕೆ ಬರುವವರ ಡಬ್ಬಿಗೆ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ, ನಮ್ಮ ಮನೆಯಲ್ಲೂ ಹಿಂದೆ ಅದು ನಡೆದಿದೆ. ಕೊಡುವುದಾದರೆ ಮಧ್ಯಾಹ್ನ ಒಂದೂವರೆಗೆ, ನಾವು ಉಂಡೆದ್ದ ಕೂಡಲೇ ಕೊಡಬೇಕು. ಅವರ ಮಕ್ಕಳ ಹೊಟ್ಟೆಯೂ ನಮ್ಮ ಮಕ್ಕಳ ಹೊಟ್ಟೆಯಂಥದೇ, ಕಾಯಿಲೆ ಬಿದ್ದರೆ ಅವರಿಗೆ ಹೋಗುವುದು ಒಂದು ದಿನದ ಕೂಲಿ ಕೂಡ. ಬೀದಿಯ ಹಸುವಿಗೆ ಬೂಷ್ಟು ಹಿಡಿದದ್ದನ್ನು ಸುರಿಯುವುದೂ ಪುಣ್ಯದ ಕೆಲಸವಲ್ಲ. ಬೇಯಿಸಿದ ಅನ್ನವನ್ನು ರಾಶಿಯಾಗಿ ತಿಂದರೂ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರಿ ಜೀವಕ್ಕೆ ಕುತ್ತು ಬರುತ್ತದೆ.

ಈಗ ನಮ್ಮ ಮನೆಯ ಪ್ರತಿ ಡಬ್ಬಿಯ ಮೇಲೂ ಒಂದು ಕಾಗದದ ಪಟ್ಟಿ ಇರುತ್ತದೆ. ಅದರ ಮೇಲೆ ಬರೆಯುವುದು ಡಬ್ಬಿಯನ್ನು ಒಳಗಿಟ್ಟ ಹೊತ್ತನ್ನಲ್ಲ, ಒಲೆ ಆರಿಸಿದ ಹೊತ್ತನ್ನು. ಬರೆಯುವ ಕೆಲಸ ಅವ್ವನದು. ನಾನು ಪಲ್ಯ ಇಳಿಸಿದ ಕೂಡಲೇ ಹಜಾರದಿಂದಲೇ "ಎಷ್ಟಾತವ್ವಾ ಟೈಮು?" ಎಂದು ಕೇಳಿ, ತನ್ನ ದುಂಡನೆಯ ಅಕ್ಷರದಲ್ಲಿ ವಾರವನ್ನೂ ಗಂಟೆಯನ್ನೂ ಬರೆದು ಅಂಟಿಸುತ್ತಾಳೆ. ಮೊನ್ನೆ ಗುರುವಾರ ಬೆಳಿಗ್ಗೆ ಫ್ರಿಜ್ಜಿನ ಹಿಂಬದಿಯಲ್ಲಿ ಹೀರೇಕಾಯಿ ಪಲ್ಯದ ಒಂದು ಡಬ್ಬಿ ಸಿಕ್ಕಿತು. ಅವ್ವ ಹಳೆಯ ರೂಢಿಯಂತೆ ಮುಚ್ಚಳ ತೆಗೆದು ಒಳಮೈ ಮೂಸಿದಳು, ಪಾತ್ರೆಯನ್ನೂ ಮೂಸಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದಳು: ಸೋಮವಾರ, ಮಧ್ಯಾಹ್ನ 1. ಬೆರಳು ಮಡಚಿ ಎಣಿಸಿ, ಮರುಮಾತಿಲ್ಲದೆ ಹೋಗಿ ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದು, ಡಬ್ಬಿ ತೊಳೆಯಲು ನಲ್ಲಿ ತಿರುಗಿಸಿದಳು.